ಮಡಿಕೇರಿಯಲ್ಲಿ ಲಾಂಗ್ ವೀಕೆಂಡ್: ದಿನಕ್ಕೆ ಒಂದೇ ದಿಕ್ಕು

ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತು ಅಂದರೆ ಮೈಸೂರು, ಬೆಂಗಳೂರಿನ ಗಾಡಿಗಳೆಲ್ಲ ಕೊಡಗಿನ ಕಡೆ ಮುಖ ಮಾಡುತ್ತವೆ. ಮಡಿಕೇರಿಯಾದರೋ ಸಣ್ಣ ಊರು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಗುಡ್ಡದ ಏರಿಳಿತಕ್ಕೆ ಅಂಟಿಕೊಂಡು ಕೂತಿದೆ. ರಸ್ತೆಗಳು ಕಿರಿದು, ತಿರುವು ಜಾಸ್ತಿ, ಗಾಡಿ ನಿಲ್ಲಿಸೋಕೆ ಜಾಗ ಕಡಿಮೆ. ಅಷ್ಟು ಜನ ಒಂದೇ ಸಲ ಬಂದರೆ ಊರು ತಾನೇ ಏನು ಮಾಡೀತು?

ನಾನು ಮೈಸೂರಿನವಳು. ವರ್ಷಕ್ಕೆ ಒಂದೆರಡು ಸಲವಾದರೂ ಮಡಿಕೇರಿಗೆ ಹೋಗುತ್ತೇನೆ. ಮೊದಮೊದಲು ನಾವೂ ಎಲ್ಲರ ಹಾಗೇ ಪಟ್ಟಿ ಹಿಡಿದುಕೊಂಡು ಓಡಾಡಿದವರು. ಬೆಳಿಗ್ಗೆ ದುಬಾರೆ ಆನೆ ಶಿಬಿರ, ಮಧ್ಯಾಹ್ನ ಅಬ್ಬಿ ಜಲಪಾತ, ಸಂಜೆ ಸೂರ್ಯ ಮುಳುಗುವುದನ್ನು ನೋಡುವ ರಾಜಾಸೀಟ್, ಮಾರನೇ ದಿನ ಕಾವೇರಿ ಹುಟ್ಟುವ ತಲಕಾವೇರಿ, ಅಲ್ಲಿಂದ ಸೀದಾ ಮನೆ. ವಾಪಸು ಬಂದ ಮೇಲೆ ನೆನಪಿನಲ್ಲಿ ಉಳಿದಿದ್ದು ಕಾರಿನ ಗಾಜು ಮಾತ್ರ. ಈಗ ನಮ್ಮ ಮನೆಯಲ್ಲಿ ಒಂದೇ ನಿಯಮ: ದಿನಕ್ಕೆ ಒಂದೇ ದಿಕ್ಕು. ಉಳಿದ ಹೊತ್ತು ಊರೊಳಗೆ, ನಡೆದುಕೊಂಡು. ಈ ಬರಹ ಪೂರ್ತಿ ಆ ನಿಯಮದ ಮೇಲೇ ನಿಂತಿದೆ. ಶುಕ್ರ, ಶನಿ, ಭಾನುವಾರ ರಜೆ, ಎರಡು ರಾತ್ರಿ ತಂಗುವುದು ಎಂದು ಲೆಕ್ಕ ಹಿಡಿದು ಬರೆದಿದ್ದೇನೆ. ಮೂರನೇ ರಾತ್ರಿ ಸಿಕ್ಕಿದರೆ ಏನು ಮಾಡಬಹುದು ಅನ್ನುವುದೂ ಇದೆ.

ಹಂತ 1: ಯಾವ ರಜೆಗೆ ಹೋಗುತ್ತೀರಿ ಅನ್ನುವುದನ್ನು ಮೊದಲು ನಿರ್ಧರಿಸಿ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಹಾಗಾಗಿ ಆಗಸ್ಟ್ 15ರ ರಜೆಯ ಮಡಿಕೇರಿಯೇ ಬೇರೆ, ಜನವರಿ 26ರ ಮಡಿಕೇರಿಯೇ ಬೇರೆ.

ಆಗಸ್ಟಿನಲ್ಲಿ ಹಸಿರು, ಮಂಜು, ತುಂಬಿ ಬೀಳುವ ಅಬ್ಬಿ. ಆದರೆ ಬೆಟ್ಟದ ಮೇಲೆ ನಿಂತರೆ ಬಿಳಿ ಗೋಡೆ ಬಿಟ್ಟು ಇನ್ನೇನೂ ಕಾಣದ ದಿನಗಳೇ ಜಾಸ್ತಿ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದು ಜೀವ ಹೋದವು, ಮನೆ ತೋಟ ಹೋದವು, ರಸ್ತೆಗಳೇ ಇಲ್ಲವಾದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜಾರಿ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಹವಾಮಾನ ಇಲಾಖೆ ಕೊಡಗಿಗೆ ರೆಡ್ ಅಲರ್ಟ್ ಕೊಟ್ಟರೆ ಪ್ರವಾಸ ಮುಂದಕ್ಕೆ ಹಾಕಿ. ಆರೆಂಜ್ ಅಲರ್ಟ್ ಇದ್ದರೆ ಉಳಿದುಕೊಳ್ಳುವ ಮನೆಯವರಿಗೆ ಫೋನ್ ಮಾಡಿ ಕೇಳಿ. ಬುಕಿಂಗ್ ಹಣ ಹೋಗುತ್ತದಲ್ಲ ಅಂತ ಹೊರಟುಬಿಡಬೇಡಿ. ಆ ದಿನಗಳಲ್ಲಿ ಅಲ್ಲಿಯ ಜನಕ್ಕೆ ತಮ್ಮ ಮನೆ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅದರ ನಡುವೆ ನಮ್ಮನ್ನೂ ನೋಡಿಕೊಳ್ಳುವ ಹೊರೆ ಅವರಿಗೇಕೆ?

ಅಕ್ಟೋಬರಿನಲ್ಲಿ ಎರಡು ವಿಶೇಷ. ಒಂದು ಮಡಿಕೇರಿ ದಸರಾ. ಮಾರಿಯಮ್ಮ, ಕಾಮಾಕ್ಷಿಯಮ್ಮ ಸೇರಿ ನಾಲ್ಕು ದೇವಸ್ಥಾನಗಳ ಕರಗಗಳಿಂದ ಶುರುವಾಗಿ, ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ತೇರಿನಂಥ ಮಂಟಪಗಳು ಬೆಳಗಿನ ಜಾವದವರೆಗೂ ಊರಿನ ಬೀದಿಯಲ್ಲಿ ಸಾಗುತ್ತವೆ. ಜನಜಂಗುಳಿ ಇಷ್ಟವಾದರೆ ಆ ರಾತ್ರಿ ತಪ್ಪಿಸಿಕೊಳ್ಳಬೇಡಿ, ನಿದ್ದೆ ಬೇಕಾದರೆ ಆ ವಾರ ಹೋಗಲೇಬೇಡಿ. ಇನ್ನೊಂದು ತುಲಾ ಸಂಕ್ರಮಣ, ಸಾಮಾನ್ಯವಾಗಿ ಅಕ್ಟೋಬರ್ 17ರ ಆಸುಪಾಸು. ಅಂದು ತಲಕಾವೇರಿಯಲ್ಲಿ ತೀರ್ಥೋದ್ಭವ, ಅಂದರೆ ಕಾವೇರಿಯ ನೀರು ಉಕ್ಕಿ ಬರುವ ಗಳಿಗೆ. ಅದು ಕೊಡಗಿನವರ ದೊಡ್ಡ ದಿನ, ಭಕ್ತಿಯಿಂದ ಹೋಗುವವರಿಗೆ ಮೀಸಲು. ಸುಮ್ನೆ ಊರು ನೋಡೋಕೆ ಹೋಗುವವರು ಬೇರೆ ದಿನ ಹೋಗುವುದು ಒಳ್ಳೆಯದು.

ನನ್ನನ್ನು ಕೇಳಿದರೆ ಜನವರಿ 26ರ ರಜೆಯೇ ಮೇಲು. ಆಕಾಶ ತಿಳಿ, ಬೆಳಿಗ್ಗೆ ಹಿತವಾದ ಚಳಿ. ತೋಟಗಳಲ್ಲಿ ಕಾಫಿ ಕುಯ್ಲು ನಡೆಯುತ್ತಿರುತ್ತದೆ. ಕಣದ ತುಂಬ ಕೆಂಪು ಹಣ್ಣು ಹರವಿ, ಹಾರೆಯಂಥ ಮರದ ಹಲಗೆಯಲ್ಲಿ ಎಳೆಯುತ್ತಾ ಇರುತ್ತಾರೆ. ಹುಳಿಸಿಹಿ ವಾಸನೆ ರಸ್ತೆಗೂ ಬರುತ್ತದೆ. ಯುಗಾದಿ ಅಥವಾ ಗುಡ್ ಫ್ರೈಡೇ ಹೊತ್ತಿಗೆ ಹೋಗುವವರಿಗೆ ಇನ್ನೊಂದು ಅದೃಷ್ಟ ಇರಬಹುದು. ಬೇಸಿಗೆಯ ಮೊದಲ ಮಳೆ ಬಿದ್ದ ಒಂದು ವಾರ, ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಇಡೀ ಗುಡ್ಡ ಬಿಳಿ, ಮಲ್ಲಿಗೆಯಂಥ ಪರಿಮಳ. ಅದು ಎರಡು ಮೂರು ದಿನದ ವೈಭವ ಅಷ್ಟೇ.

ಹಂತ 2: ಉಳಿಯುವ ಜಾಗ

ಹೋಂಸ್ಟೇ ಅಂದರೆ ಕೊಡಗು ಅನ್ನುವಷ್ಟು ಅವು ಅಲ್ಲಿ ಹೆಚ್ಚು. ಎರಡು ದಾರಿ ಇವೆ. ಊರೊಳಗೇ ಇರುವ ಲಾಡ್ಜ್ ಅಥವಾ ಹೋಂಸ್ಟೇ, ಇಲ್ಲವೇ ದೂರದ ತೋಟದೊಳಗಿನ ಮನೆ. ಎರಡೇ ರಾತ್ರಿಯಾದರೆ ಊರಿಗೆ ನಾಲ್ಕೈದು ಕಿಲೋಮೀಟರ್ ಒಳಗಿನದನ್ನೇ ಹಿಡಿಯಿರಿ. ಲಾಂಗ್ ವೀಕೆಂಡಿನಲ್ಲಿ ಊರ ಹೊರಗಿನಿಂದ ಒಳಗೆ ಬರೋಕೇ ಒಂದು ಗಂಟೆ ಹೋಗುವುದುಂಟು.

ಬುಕ್ ಮಾಡುವ ಮುಂಚೆ ಮನೆಯವರ ಹತ್ತಿರ ನೇರವಾಗಿ ಫೋನಿನಲ್ಲಿ ಮಾತಾಡಿ. ಮೊದಲು ಕೇಳಬೇಕಾದ್ದು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಎಂದು. ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಮುಖ್ಯ ರಸ್ತೆಯಿಂದ ಮನೆಯವರೆಗೆ ಸಾಮಾನ್ಯ ಕಾರು ಹೋಗುತ್ತಾ, ಜೀಪೇ ಬೇಕಾ? ಮಳೆಗಾಲದಲ್ಲಿ ಈ ಒಂದು ಪ್ರಶ್ನೆ ನಿಮ್ಮನ್ನು ಕೆಸರಿನಿಂದ ಉಳಿಸುತ್ತದೆ. ಕರೆಂಟ್ ಹೋದರೆ ಬಿಸಿನೀರಿಗೆ ಏನು ವ್ಯವಸ್ಥೆ? ಊಟ ಮನೆಯಲ್ಲೇ ಮಾಡುತ್ತಾರಾ, ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ ಇಡುತ್ತಾರಾ? ಮನೆಯ ಹಿಂದೆಯೇ ಕಡಿದ ಗುಡ್ಡ ಇದೆಯಾ ಅನ್ನುವುದನ್ನೂ ಮಳೆಗಾಲವಾದರೆ ನಾನು ಕೇಳುತ್ತೇನೆ. ಫೋಟೋದಲ್ಲಿ ಮುಂಭಾಗ ಮಾತ್ರ ಇರುತ್ತದೆ.

ನಮಗೆ ಒಂದು ಸಲ ಆದದ್ದು ಹೇಳುತ್ತೇನೆ. ಸ್ವಾತಂತ್ರ್ಯ ದಿನದ ರಜೆ. ಆನ್‌ಲೈನಿನಲ್ಲಿ ಪೂರ್ತಿ ಹಣ ಕಟ್ಟಿದ್ದೆವು. ದಾರಿಯಲ್ಲಿ ಜಾಮ್ ಆಗಿ ರಾತ್ರಿ ಹನ್ನೊಂದಾಯಿತು. ಹೋಗಿ ನೋಡಿದರೆ ನಮ್ಮ ಕೋಣೆಯಲ್ಲಿ ಬೇರೆಯವರು. "ನೀವು ಬರಲ್ಲ ಅಂದ್ಕೊಂಡ್ವಿ ಮೇಡಂ" ಅಂದರು. ಮಳೆ, ಕಾರಿನಲ್ಲಿ ಮಲಗಿದ ಮಗು, ಜೊತೆಗೆ ಅತ್ತೆ. ಪಕ್ಕದ ಮನೆಯ ಹೆಂಗಸೊಬ್ಬರು ಬಾಗಿಲು ತೆಗೆದು, "ಒಳಗೆ ಬನ್ನಿ, ಬೆಳಿಗ್ಗೆ ಮಾತಾಡಿದ್ರಾಯ್ತು" ಅಂದು ಹಜಾರದಲ್ಲಿ ಹಾಸಿಗೆ ಹಾಸಿಕೊಟ್ಟರು. ಕುಡಿಯೋಕೆ ಬೆಲ್ಲದ ಕಾಫಿ ಕೊಟ್ಟರು. ಇವತ್ತಿಗೂ ನಾವು ಹೋದರೆ ಅವರ ಮನೆಗೆ ಹೋಗದೆ ಬರುವುದಿಲ್ಲ. ಆಮೇಲಿಂದ ನಾನು ತಪ್ಪದೆ ಮಾಡುವುದು ಇಷ್ಟು: ಹಣ ಅರ್ಧ ಮಾತ್ರ ಮುಂಗಡ, ಹೊರಡುವ ಹಿಂದಿನ ದಿನ ಒಂದು ಫೋನ್, ತಡವಾಗುತ್ತದೆ ಅನ್ನಿಸಿದರೆ ಪಿರಿಯಾಪಟ್ಟಣದಿಂದಲೇ ಇನ್ನೊಂದು ಫೋನ್. ಮಾತಾಡಿದ್ದನ್ನೆಲ್ಲ ಒಂದು ಮೆಸೇಜಿನಲ್ಲಿ ಬರೆದೂ ಕಳಿಸುತ್ತೇನೆ.

ಎಲ್ಲರ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಇಟ್ಟುಕೊಳ್ಳಿ, ಕೇಳಿಯೇ ಕೇಳುತ್ತಾರೆ.

ಹಂತ 3: ಹೊರಡುವ ಹೊತ್ತು

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ ಹಿಡಿಯಬಹುದು. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್, ಮೈಸೂರಿನಿಂದ 120. ಮಂಗಳೂರಿನ ಕಡೆಯವರು ಪುತ್ತೂರು, ಸುಳ್ಯ, ಸಂಪಾಜೆ ಘಾಟಿ ಹತ್ತಿ ಬರುತ್ತಾರೆ. ಮಳೆಗಾಲದಲ್ಲಿ ಆ ಘಾಟಿಯ ಸ್ಥಿತಿ ಕೇಳಿಕೊಂಡೇ ಹೊರಡಬೇಕು.

ಗುರುವಾರ ಸಂಜೆ ಆಫೀಸು ಮುಗಿಸಿ ಹೊರಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದ್ದರಿಂದಲೇ ಅದು ಬೇಡ. ಶುಕ್ರವಾರ ಬೆಳಗಿನ ಜಾವ ನಾಲ್ಕೂವರೆಗೆ ಬೆಂಗಳೂರು ಬಿಡಿ. ಎಕ್ಸ್‌ಪ್ರೆಸ್‌ವೇ ಖಾಲಿ ಇರುತ್ತದೆ. ಮೈಸೂರಿನ ಊರೊಳಗೆ ನುಗ್ಗದೆ ರಿಂಗ್ ರೋಡಿನಲ್ಲಿ ಹುಣಸೂರು ರಸ್ತೆ ಸೇರಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕೊಪ್ಪದ ಹತ್ತಿರ ಕಾವೇರಿ ಸೇತುವೆ ಬರುತ್ತದೆ. ಆಚೆ ದಡ ಕುಶಾಲನಗರ, ಅಲ್ಲಿಂದ ಕೊಡಗು. ಬೈಕಿನವರು ಒಂದು ವಿಷಯ ಗಮನಿಸಿ: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಆ ಹೊತ್ತೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕುಶಾಲನಗರದಲ್ಲಿ ಮೂರು ಕೆಲಸ ಮುಗಿಸಿ. ಪೆಟ್ರೋಲ್ ತುಂಬಿಸಿ, ಎಟಿಎಂನಿಂದ ಸ್ವಲ್ಪ ನಗದು ತೆಗೆಯಿರಿ, ಮ್ಯಾಪನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ಮುಂದೆ ತೋಟಗಳ ನಡುವೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಇಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಸುಂಟಿಕೊಪ್ಪ ದಾಟಿದ ಮೇಲೆ ತಿರುವುಗಳು ಜಾಸ್ತಿ. ಕಾರಿನಲ್ಲಿ ವಾಂತಿಯಾಗುವ ಮಕ್ಕಳಿದ್ದರೆ ಕುಶಾಲನಗರದಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ.

ಬಸ್ಸಿನಲ್ಲಿ ಹೋಗುವವರಿಗೆ ನಾನು ಬೇಡ ಅನ್ನುವುದಿಲ್ಲ, ಖುಷಿಯಿಂದ ಹೋಗಿ ಅನ್ನುತ್ತೇನೆ. ಬೆಂಗಳೂರಿನ ಸ್ಯಾಟಲೈಟ್ ಬಸ್ ನಿಲ್ದಾಣದಿಂದಲೂ ಮೈಸೂರಿನಿಂದಲೂ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ಊರೊಳಗೆ ನಡೆಯುವುದು ಅಂತ ಮನಸ್ಸು ಮಾಡಿದರೆ ಕಾರು ಒಂದು ಭಾರವೇ. ದೂರಕ್ಕೆ ಜೀಪು, ಆಟೋ, ತಲಕಾವೇರಿ ದಾರಿಯ ಭಾಗಮಂಡಲದ ಕಡೆಗೆ ಬಸ್ಸೂ ಉಂಟು.

ಹಂತ 4: ಚೀಲ

ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಮಳೆಗಾಲದಲ್ಲಿ ಛತ್ರಿಗಿಂತ ರೈನ್‌ಕೋಟ್ ವಾಸಿ, ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಜೀನ್ಸ್ ಬೇಡ, ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ಮಳೆ ಬಿದ್ದ ಮೇಲೆ ಹುಲ್ಲು, ತರಗೆಲೆ ಇರುವ ಕಡೆಯೆಲ್ಲ ಇರುತ್ತವೆ. ನೂಲಿನಷ್ಟು ಸಣ್ಣಗೆ ಎದ್ದು ನಿಂತು, ನಮ್ಮ ಕಾಲಿನ ಬಿಸಿ ಹುಡುಕುತ್ತಾ ತಲೆ ಆಡಿಸುತ್ತಿರುತ್ತವೆ. ಕಚ್ಚಿದ್ದೇ ಗೊತ್ತಾಗುವುದಿಲ್ಲ. ಕಾಲುಚೀಲದಲ್ಲಿ ರಕ್ತ ಕಂಡಾಗಲೇ ಗೊತ್ತಾಗುವುದು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮೇಲಿಂದ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಉಜ್ಜಿಕೊಳ್ಳಿ. ಕಚ್ಚಿಕೊಂಡಿದ್ದರೆ ಗಾಬರಿಯಲ್ಲಿ ಜೋರಾಗಿ ಕೀಳಬೇಡಿ. ಬಾಯಿ ಅಂಟಿರುವ ಕಡೆ ಉಗುರು ಒತ್ತಿ ಪಕ್ಕಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲದೆ ಬರುತ್ತದೆ. ಸೋಪುನೀರಿನಲ್ಲಿ ತೊಳೆದು ಹತ್ತಿ ಒತ್ತಿ ಹಿಡಿದರೆ ಸಾಕು.

ಹಂತ 5: ಮೊದಲ ದಿನ ಊರೊಳಗೆ

ಶುಕ್ರವಾರ ಮಡಿಕೇರಿಯ ಸಂತೆ. ಕೋಣೆಗೆ ಚೀಲ ಹಾಕಿ ಮೊದಲು ಅಲ್ಲಿಗೆ ಹೋಗಿ. ಹಳ್ಳಿಗಳಿಂದ ಬಂದವರು ತರಕಾರಿ ಕೊಂಡು ವಾರದ ಲೆಕ್ಕ ಮುಗಿಸುತ್ತಿರುತ್ತಾರೆ. ಕಾಲ ನೋಡಿಕೊಂಡು ಕಿತ್ತಳೆ, ಬೆಣ್ಣೆಹಣ್ಣು, ಮಳೆಗಾಲವಾದರೆ ಎಳೆ ಬಿದಿರಿನ ಕಣಿಲೆ ಸಿಗುತ್ತವೆ. ಪ್ರವಾಸಿಗರಿಗಲ್ಲದೆ ಊರಿಗಾಗಿಯೇ ನಡೆಯುವ ಜಾಗ ಇದು. ಮಡಿಕೇರಿಯನ್ನು ಇಲ್ಲಿಂದಲೇ ನೋಡಲು ಶುರು ಮಾಡಬೇಕು ಅನ್ನುವುದು ನನ್ನ ಆಸೆ.

ಮಧ್ಯಾಹ್ನ ಕೋಟೆ. ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ ಊರಾದ್ದರಿಂದ ಮುದ್ದುರಾಜನ ಕೇರಿ, ಅದೇ ಮಡಿಕೇರಿ ಆಯಿತು ಅನ್ನುತ್ತಾರೆ. ಮೊದಲು ಇದ್ದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರ ಹೊತ್ತಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಅದನ್ನು ವಾಪಸು ಪಡೆದ. ಈಗ ನಿಂತಿರುವ ಅರಮನೆ 1812–14ರಲ್ಲಿ ಲಿಂಗರಾಜೇಂದ್ರನ ಕಾಲದ್ದು. 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿದ ಮೇಲೆ ಅದೇ ಕೋಟೆಯೊಳಗೆ ಚರ್ಚ್ ಕಟ್ಟಿದರು. ಆ ಚರ್ಚಿನ ಕಟ್ಟಡದಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ನಾಲ್ಕು ಕಾಲದ ಕಥೆ ಒಂದೇ ಅಂಗಳದಲ್ಲಿ ನಿಂತಿದೆ ನೋಡಿ. ಮೂಲೆಯಲ್ಲಿ ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳಿವೆ, ಮಕ್ಕಳಿಗೆ ಅವೇ ಸಾಕು. ನಿಮ್ಮ ರಜೆಯಲ್ಲಿ ಸೋಮವಾರವೂ ಸೇರಿದ್ದರೆ ವಸ್ತುಸಂಗ್ರಹಾಲಯವನ್ನು ಸೋಮವಾರಕ್ಕೆ ಉಳಿಸಿಕೊಳ್ಳಬೇಡಿ, ಅಂದು ಬಾಗಿಲು ಹಾಕಿರುವುದೇ ರೂಢಿ.

ಕೋಟೆಯಿಂದ ಇಳಿದು ನಡೆದರೆ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ದೂರದಿಂದ ನೋಡಿದವರು ಮಸೀದಿ ಅಂದುಕೊಂಡರೆ ಆಶ್ಚರ್ಯವಿಲ್ಲ. ಎದುರಿಗೆ ಕೆರೆ, ಕೆರೆಯ ನಡುವೆ ಪುಟ್ಟ ಮಂಟಪ, ಅಲ್ಲಿಗೆ ಕಾಲುದಾರಿ. ಸಂಜೆ ಜನ ಜಾಸ್ತಿ ಇದ್ದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಬನ್ನಿ. ಕೆರೆಯ ಮೇಲೆ ಹಬೆಯಂಥ ಮಂಜು, ನೀರಿನಲ್ಲಿ ಗುಮ್ಮಟದ ನೆರಳು, ಮೀನು ಬಾಯಿ ತೆರೆಯುವ ಸದ್ದು ಕೂಡ ಕೇಳುವಷ್ಟು ಮೌನ.

ರಾಜಾಸೀಟಿಗೆ ಎಲ್ಲರೂ ಸೂರ್ಯ ಮುಳುಗುವ ಹೊತ್ತಿಗೆ ಹೋಗುತ್ತಾರೆ. ಕೊಡಗಿನ ರಾಜರೂ ಅದಕ್ಕೇ ಹೋಗುತ್ತಿದ್ದರಂತೆ. ಲಾಂಗ್ ವೀಕೆಂಡಿನಲ್ಲಿ ಆ ಒಂದು ಗಂಟೆ ಕಾಲಿಡಲೂ ಜಾಗವಿರುವುದಿಲ್ಲ. ಮುಳುಗುವುದನ್ನು ನೋಡಲೇಬೇಕಾದರೆ ಒಂದೂವರೆ ಗಂಟೆ ಮೊದಲೇ ಹೋಗಿ ಕಂಬಿಯ ಹತ್ತಿರ ಜಾಗ ಹಿಡಿಯಿರಿ, ಗಾಡಿಯನ್ನು ಉಳಿದ ಕಡೆಯೇ ಬಿಟ್ಟು ನಡೆದು ಹೋಗಿ. ಕೆಳಗೆ ಗದ್ದೆಗಳು, ಅವುಗಳ ಪಕ್ಕ ಮಂಗಳೂರಿನ ಕಡೆ ಇಳಿಯುವ ರಸ್ತೆ ದಾರದ ಹಾಗೆ ಕಾಣುತ್ತದೆ.

ಹಂತ 6: ಎರಡನೇ ದಿನ, ಒಂದು ದಿಕ್ಕು

ಇಲ್ಲಿ ಗಟ್ಟಿ ಮನಸ್ಸು ಬೇಕು. ಮಾಂದಲ್‌ಪಟ್ಟಿ ಅನ್ನುವ ಹುಲ್ಲುಬೆಟ್ಟವೋ ತಲಕಾವೇರಿಯೋ, ಎರಡರಲ್ಲಿ ಒಂದು. ಎರಡೂ ಬೇಕಾದರೆ ಮೂರನೇ ರಾತ್ರಿ ಉಳಿಯಿರಿ. "ಭಾನುವಾರ ಬೆಳಗಿನ ಜಾವ ಮಾಂದಲ್‌ಪಟ್ಟಿ ಮುಗಿಸಿ ಹಾಗೇ ಊರಿಗೆ ಹೊರಡೋಣ" ಅನ್ನುವವರಿಗೆ ನನ್ನ ಮಾತು ಇಷ್ಟೇ: ನಾಲ್ಕಕ್ಕೆ ಎದ್ದು ಬೆಟ್ಟ ಸುತ್ತಿ ದಣಿದವರು ಅದೇ ದಿನ ಆರು ಗಂಟೆ ಗಾಡಿ ಓಡಿಸಬಾರದು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ, ಕಾಲು ಗಟ್ಟಿ ಇರುವವರಿಗೆ ಮಾಂದಲ್‌ಪಟ್ಟಿ. ಮಡಿಕೇರಿಯಿಂದ ಅಬ್ಬಿಯ ರಸ್ತೆಯಲ್ಲೇ ಮುಂದೆ ಹೋಗಬೇಕು. ಕೊನೆಯ ದಾರಿ ಕಲ್ಲು, ಹಳ್ಳ. ನಿಮ್ಮ ಕಾರು ಬೇಡ, ಅಲ್ಲಿಯ ಜೀಪೇ ಸರಿ. ಹಿಂದಿನ ಸಂಜೆಯೇ ಜೀಪಿನವರ ಹತ್ತಿರ ಮಾತಾಡಿ. ದರ ಒಬ್ಬರಿಗೋ ಇಡೀ ಜೀಪಿಗೋ, ಮೇಲೆ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಸೇರಿದೆಯಾ, ಈ ಮೂರನ್ನು ಮೊದಲೇ ಕೇಳಿ. ಬೆಟ್ಟದ ನೆತ್ತಿಗೆ ಬಂದರೆ ಕಾಡಿಲ್ಲ, ಹುಲ್ಲೇ ಹುಲ್ಲು. ಕೆಳಗಿನ ಕಣಿವೆ ತುಂಬ ಬಿಳಿ ಮೋಡ, ಅದರ ಮೇಲೆ ಪುಷ್ಪಗಿರಿ ಕಡೆಯ ಬೆಟ್ಟಗಳ ತುದಿ ಮಾತ್ರ. ಒಂದು ಸಲ ನಮ್ಮ ಜೀಪಿನ ಹುಡುಗನನ್ನು, "ತಮ್ಮಾ, ದಿನಾ ಬರ್ತೀಯಲ್ಲ, ಬೇಜಾರಾಗಲ್ವಾ?" ಅಂತ ಕೇಳಿದೆ. "ದಿನಾ ಬೇರೆ ಥರ ಇರತ್ತೆ ಅಕ್ಕ, ನಾನೂ ಇಳಿದು ನೋಡ್ತೀನಿ" ಅಂದ. ಆಮೇಲೆ ನೋಡಿದರೆ ನಿಜವಾಗಿಯೂ ಇಳಿದು ಒಂದು ಬಂಡೆಯ ಮೇಲೆ ಸುಮ್ಮನೆ ಕೂತಿದ್ದ.

ಇಳಿಯುವಾಗ ಬೆಳಿಗ್ಗೆ ಒಂಬತ್ತರೊಳಗೆ ಅಬ್ಬಿಗೆ ಬಂದರೆ ಜಲಪಾತದ ಮುಂದೆ ನಿಲ್ಲಲು ಜಾಗ ಇರುತ್ತದೆ. ಊರಿನಿಂದ ಎಂಟು ಕಿಲೋಮೀಟರ್ ಅಷ್ಟೇ. ಕಾಫಿ, ಮೆಣಸಿನ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು. ಹಿರಿಯರಿಗೆ ಹತ್ತುವುದು ಕಷ್ಟ ಅನ್ನುವುದು ನೆನಪಿರಲಿ. ನೀರಿಗಿಳಿಯಬೇಡಿ. ಬಂಡೆ ಜಾರುತ್ತದೆ, ಸೆಳೆತವೂ ಇದೆ. ಆಮೇಲೆ ಕೋಣೆಗೆ ಬಂದು ಮಲಗಿ. ಮಧ್ಯಾಹ್ನ ಮಲಗುವುದೂ ಈ ಯೋಜನೆಯ ಭಾಗವೇ. ಸಂಜೆ ಗದ್ದುಗೆಗೆ ಹೋಗಿ. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು. ಅಲ್ಲೂ ಅದೇ ಗುಮ್ಮಟ, ಮಿನಾರು. ಇಷ್ಟು ಚೆಂದದ ಜಾಗಕ್ಕೆ ಇಷ್ಟು ಕಡಿಮೆ ಜನ ಯಾಕೆ ಬರುತ್ತಾರೋ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಸೈನ್ಯದ ವಿಷಯದಲ್ಲಿ ಆಸಕ್ತಿ ಇದ್ದರೆ ಜನರಲ್ ತಿಮ್ಮಯ್ಯ ಬೆಳೆದ 'ಸನ್ನಿ ಸೈಡ್' ಮನೆಯೂ ಊರೊಳಗೇ ಇದೆ. 2021ರ ಫೆಬ್ರವರಿಯಿಂದ ಅದು ಅವರ ಸ್ಮಾರಕ ಭವನ.

ಮಳೆಗಾಲವಾದರೆ, ಅಥವಾ ಜೊತೆಯಲ್ಲಿ ಹಿರಿಯರಿದ್ದರೆ, ತಲಕಾವೇರಿ. ಮಡಿಕೇರಿಯಿಂದ ಸುಮಾರು 48 ಕಿಲೋಮೀಟರ್. ಬೆಳಿಗ್ಗೆ ಆರೂವರೆಗೆ ಹೊರಡಿ. ಮೊದಲು ಭಾಗಮಂಡಲ. ಕಾವೇರಿ, ಕನ್ನಿಕೆ ಸೇರುವ ಜಾಗ. ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತದೆ ಅನ್ನುವುದು ನಂಬಿಕೆ. ಭಗಂಡೇಶ್ವರ ದೇವಸ್ಥಾನದ ಇಳಿಜಾರು ಮಾಡು, ಮರದ ಕೆತ್ತನೆ ನೋಡಿದರೆ ಕೇರಳ ಹತ್ತಿರದಲ್ಲೇ ಇದೆ ಅನ್ನುವುದು ಗೊತ್ತಾಗುತ್ತದೆ. ಅಲ್ಲಿಂದ ಎಂಟು ಕಿಲೋಮೀಟರ್ ಏರಿದರೆ ತಲಕಾವೇರಿ, 1,276 ಮೀಟರ್ ಎತ್ತರದಲ್ಲಿ.

ನನ್ನ ಮಗಳಿಗೆ ಆಗ ಏಳು ವರ್ಷ. ಕೊಳದ ಅಂಚಿನ ಪುಟ್ಟ ಕುಂಡಿಕೆಯ ಮುಂದೆ ಬಗ್ಗಿ ನೋಡಿ, "ಅಮ್ಮ, ಇಷ್ಟೇನಾ?" ಅಂದಳು. ಹರಿವು ಕಾಣುವುದಿಲ್ಲ. ಒಂದು ದೊಡ್ಡ ಪಾತ್ರೆಯಷ್ಟು ನೀರು, ಮೇಲೆ ತೇಲುವ ಹೂವು, ಕುಂಕುಮ. ಮನೆಯ ನಲ್ಲಿಯಲ್ಲಿ ಬರುವುದೂ ಇದೇ ನೀರು ಕಣೇ, ಕೆ.ಆರ್.ಎಸ್. ತುಂಬುವುದೂ ಇದರಿಂದಲೇ ಅಂದೆ. ಬೆರಳು ಅದ್ದಿ, ತಣ್ಣಗಿದೆ ಅಂದವಳು ಆಮೇಲೆ ಮಾತಾಡಲೇ ಇಲ್ಲ. ಕಾವೇರಿ ನೀರು ಕುಡಿದು ಬೆಳೆದವರೆಲ್ಲ ಮಕ್ಕಳನ್ನು ಒಮ್ಮೆಯಾದರೂ ಇಲ್ಲಿಗೆ ಕರೆದುಕೊಂಡು ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬ್ರಹ್ಮಗಿರಿ ಹತ್ತಲು ಬಿಡುತ್ತಾರಾ ಎಂದು ಅಲ್ಲೇ ಕೇಳಿ, ಬೇಡ ಅಂದರೆ ವಾದ ಮಾಡಬೇಡಿ. ಮೈತುಂಬ ಬಟ್ಟೆ ಇರಲಿ, ಇದು ಮೊದಲು ದೇವಸ್ಥಾನ. ಮಧ್ಯಾಹ್ನ ಮೂರರೊಳಗೆ ಮಡಿಕೇರಿಗೆ ವಾಪಸಾಗಿ.

ಮೂರನೇ ರಾತ್ರಿ ಇದ್ದು ಬೆಟ್ಟ ಹತ್ತುವ ಆಸೆಯಿದ್ದವರಿಗೆ ಕಕ್ಕಬೆ ಕಡೆಯ ತಡಿಯಂಡಮೋಳ್ ಇದೆ. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಶಿಖರ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು, ರಜೆ ದಿನಗಳ ಟಿಕೆಟ್ ಬೇಗ ಮುಗಿಯುತ್ತದೆ. ಬೆಟ್ಟದ ಬುಡದಲ್ಲೇ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ. ಕೆಳಗಿಳಿದು ಬಂದು ಅದರ ಜಗಲಿಯಲ್ಲಿ ಕೂತು ಸುಧಾರಿಸಿಕೊಳ್ಳಿ.

ದುಬಾರೆ ಆನೆ ಶಿಬಿರ ಎಲ್ಲಿ ಹೋಯಿತು ಅನ್ನುತ್ತೀರಿ, ಅಲ್ವಾ? ಬೇರೆ ದಿನಗಳಲ್ಲಿ ಅದು ನನಗೂ ಇಷ್ಟ. ಲಾಂಗ್ ವೀಕೆಂಡಿನಲ್ಲಿ ದೋಣಿಯ ಸಾಲಿನಲ್ಲೇ ಅರ್ಧ ದಿನ ಹೋಗುತ್ತದೆ. ಆನೆಗಳ ಸ್ನಾನ ಇರುವುದು ಬೆಳಿಗ್ಗೆ. ಮಕ್ಕಳು ಬಿಡದಿದ್ದರೆ ಒಂದು ರಾತ್ರಿ ಕುಶಾಲನಗರದ ಕಡೆಯೇ ಉಳಿದು ಮೊದಲ ದೋಣಿಗೇ ಹೋಗಿ.

ಎಲ್ಲಿಗೇ ಹೋಗಿ, ಕತ್ತಲಾದ ಮೇಲೆ ತೋಟದ ರಸ್ತೆಗಳಲ್ಲಿ ಸುತ್ತಬೇಡಿ. ಕಾಡಾನೆಗಳು ತೋಟಕ್ಕೂ ರಸ್ತೆಗೂ ಬರುತ್ತವೆ. ಯಾರದೋ ತೋಟದೊಳಗೆ ಫೋಟೋಗಾಗಿ ನುಗ್ಗುವುದೂ ಬೇಡ. ಅದು ಅವರ ಅನ್ನದ ಜಾಗ.

ಹಂತ 7: ತಟ್ಟೆಯಲ್ಲಿ ಏನಿರಬೇಕು

ಒಂದು ಊಟವಾದರೂ ಕೊಡವರ ಮನೆಯದ್ದಾಗಿರಲಿ. ಹೋಂಸ್ಟೇಯವರಿಗೆ ಹಿಂದಿನ ದಿನವೇ ಹೇಳಬೇಕು. ಮಾಂಸ ತಿನ್ನುವವರಿಗೆ ಕಡಂಬುಟ್ಟು, ಪಂದಿ ಕರಿ. ಕಡಂಬುಟ್ಟು ಅಂದರೆ ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು. ಪಂದಿ ಕರಿಯ ಕಪ್ಪು ಬಣ್ಣ, ಹುಳಿ ಬರುವುದು ಹುರಿದ ಮಸಾಲೆ ಮತ್ತು ಕಾಚಂಪುಳಿಯಿಂದ. ಕಾಚಂಪುಳಿ ಅಂದರೆ ಪನಪುಳಿ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕಾಯಿಸಿ ಇಳಿಸಿದ ಗಟ್ಟಿ ಹುಳಿ. ಹಂದಿ ಬೇಡ ಅನ್ನುವವರಿಗೆ ನೂಪುಟ್ಟು ಅಂದರೆ ಅಕ್ಕಿ ಶಾವಿಗೆ, ಕೋಳಿ ಸಾರು.

ಸಸ್ಯಾಹಾರಿಗಳಿಗೆ ಇಲ್ಲಿ ಏನೂ ಸಿಗುವುದಿಲ್ಲ ಅನ್ನುವುದು ತಪ್ಪು. ಅಕ್ಕಿತರಿಗೆ ತೆಂಗಿನತುರಿ, ಹಾಲು ಹಾಕಿದ ಪಾಪುಟ್ಟು, ಬಿಸಿ ಅಕ್ಕಿ ಒಟ್ಟಿ ಅಂದರೆ ಅಕ್ಕಿ ರೊಟ್ಟಿ, ಮಳೆಗಾಲದ ಬೈಂಬಳೆ ಅಂದರೆ ಕಣಿಲೆಯ ಪಲ್ಯ, ಅಣಬೆಯ ಕುಮ್ಮು ಕರಿ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಹೋದರೆ ಮದ್ದುಸೊಪ್ಪಿನ ಪಾಯಸ ಕೇಳಿ ನೋಡಿ. ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ಕ್ಕೆ, ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಅನ್ನುವ ನಂಬಿಕೆ. ಪಾಯಸ ಗಾಢ ನೇರಳೆ ಬಣ್ಣ. ತಿಂದ ಮೇಲೆ ಮೂತ್ರ ಕೆಂಪಗೆ ಹೋದರೆ ಹೆದರಬೇಡಿ, ಸೊಪ್ಪಿನ ಬಣ್ಣ ಅದು.

ಹಂತ 8: ಕೊಳ್ಳುವುದು

ಭಾನುವಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ. ಕಾಫಿಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಎಂದು ಕೇಳಿ. ಪ್ಯಾಕೆಟ್ ಮೇಲೆ ಬರೆದಿರಲೇಬೇಕು. ಮಿಶ್ರ ಪುಡಿಯಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು ಅನ್ನುವುದು ನಿಯಮ. ಫಿಲ್ಟರ್ ಕಾಫಿ ರೂಢಿಯಿದ್ದವರಿಗೆ 80:20 ಚೆನ್ನ. ಕೊಡಗಿನಲ್ಲಿ ರೊಬಸ್ಟಾ ಜಾಸ್ತಿ ಬೆಳೆಯುತ್ತಾರೆ, ಅದರಲ್ಲಿ ಕಹಿ ಮತ್ತು ಗಟ್ಟಿತನ. ಘಮ ಬೇಕಾದರೆ ಅರೇಬಿಕಾ ಸೇರಿಸಿ ಪುಡಿ ಮಾಡಿಸಿ. ಚಿಕೋರಿಯೇ ಇಲ್ಲ ಎಂದು ಕೊಟ್ಟ ಪುಡಿಯ ಮೇಲೆ ಅನುಮಾನ ಬಂದರೆ ಕೋಣೆಗೆ ಬಂದು ಒಂದು ಗಾಜಿನ ಲೋಟದಲ್ಲಿ ತಣ್ಣೀರು ತಗೊಂಡು ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ. ಎರಡು ವಾರಕ್ಕೆ ಆಗುವಷ್ಟೇ ಪುಡಿ ಕೊಳ್ಳಿ. ಜಾಸ್ತಿ ಬೇಕಾದರೆ ಹುರಿದ ಬೀಜವನ್ನೇ ತಗೊಂಡು ಮನೆಯಲ್ಲಿ ಪುಡಿ ಮಾಡಿಕೊಳ್ಳಿ.

ಕರಿಮೆಣಸು, ಏಲಕ್ಕಿ ಕೊಂಡರೆ ತೂಕ ನೋಡಿ ಕೊಳ್ಳಿ. ಜೇನನ್ನು ರಸ್ತೆ ಬದಿಯಲ್ಲಿ ಕೊಳ್ಳಬೇಡಿ, ಸಹಕಾರ ಸಂಘದ ಮಳಿಗೆಯಲ್ಲಿ ಅಥವಾ ಮನೆಯವರು ತಾವೇ ಎಲ್ಲಿಂದ ತರಿಸುತ್ತಾರೋ ಅಲ್ಲಿಂದ ತಗೊಳ್ಳಿ. ಕಾಚಂಪುಳಿ ಒಂದು ಸಣ್ಣ ಬಾಟಲಿ ಸಾಕು, ವರ್ಷಗಟ್ಟಲೆ ಕೆಡುವುದಿಲ್ಲ, ಮೀನು ಸಾರಿಗೆ ಅರ್ಧ ಚಮಚ ಹಾಕಿದರೆ ಗೊತ್ತಾಗುತ್ತದೆ.

ಹಂತ 9: ಇಳಿಯುವುದು

ಭಾನುವಾರ ಹತ್ತು ಗಂಟೆಗೆಲ್ಲ ಮಡಿಕೇರಿ ಬಿಡಿ. ಊಟ ಮುಗಿಸಿ ಹೊರಟರೆ ಸಂಜೆಯ ಹೊತ್ತಿಗೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕುಶಾಲನಗರ ದಾಟಿ ಬೈಲಕುಪ್ಪೆಯಲ್ಲಿ ಇಳಿಯಿರಿ. 1960ರ ದಶಕದಿಂದ ಟಿಬೆಟ್ಟಿನವರು ಬಂದು ನೆಲೆಸಿದ ಜಾಗ. ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧ ಮೂರ್ತಿಗಳ ಮುಂದೆ ನೆಲದ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಅಲ್ಲಿ ಓದುವ ಭಿಕ್ಷುಗಳಿದ್ದಾರೆ. ಪ್ರಾರ್ಥನೆ ನಡೆಯುತ್ತಿದ್ದರೆ ಫೋನ್ ಚೀಲದಲ್ಲೇ ಇರಲಿ. ಹೊರಗೆ ಬಿಸಿಬಿಸಿ ಮೊಮೊ, ನೂಡಲ್ಸ್ ಸಾರಿನ ತುಕ್ಪಾ ತಿಂದರೆ ಮಧ್ಯಾಹ್ನದ ಊಟವೂ ಆಯಿತು. ಗಾಡಿ ಓಡಿಸುವವರು ಮೈಸೂರಿನ ಹತ್ತಿರ ಇನ್ನೊಂದು ಸಲ ಇಳಿದು ಮುಖ ತೊಳೆದುಕೊಳ್ಳಿ.

ಮನೆಗೆ ಬಂದ ಮೇಲೆ ಬೂಟುಗಳನ್ನು ಒಳಗೆ ತರಬೇಡಿ, ಬಿಸಿಲಿಗಿಡಿ. ಕಾಲುಚೀಲಗಳನ್ನು ಒಳಮೈ ಹೊರಗೆ ಮಾಡಿ ಕೊಡವಿ ನೋಡಿ. ನಮ್ಮ ಮನೆಯ ಹಜಾರದಲ್ಲಿ ಒಂದು ಸೋಮವಾರ ಬೆಳಿಗ್ಗೆ ಇಂಬಳವೊಂದು ತಲೆ ಆಡಿಸುತ್ತಾ ನಿಂತಿತ್ತು.